ದೆವೊದಾತು ಹಾಕಿದ ಅಣಸು ಕಳಚಲಿಲ್ಲ

ಕ್ಷೌರದಂಗಡಿಯ ಲಿದುವೀನು ಸತ್ತಾಗ ಅವನ ಬಿಳಿ ಅಂಗಿಯ ಮೇಲೆ ಒಂದು ತೊಟ್ಟು ರಕ್ತವಿರಲಿಲ್ಲ. ಹೋದ ಬೇಸಿಗೆಯ ಆ ಸಾವನ್ನು ನಮ್ಮೂರಿನವರು ಇವತ್ತಿಗೂ ಸಮಾಧಾನದ ಸಂಗತಿಯಂತೆ ಹೇಳಿಕೊಳ್ಳುತ್ತಾರೆ. "ಮೈಮೇಲೆ ಒಂದು ಗೀರಿರ್ಲಿಲ್ಲ ನೋಡಿ, ಪುಣ್ಯಾತ್ಮ. ಅಣಸು ಅಷ್ಟು ಗಟ್ಟಿಯಾಗಿ ಕೂತಿತ್ತು" ಎನ್ನುತ್ತಾರೆ. ಗೂಳಿಯ ಕೊಂಬಿನ ತುದಿಗೆ ತೊಡಿಸುವ ಆ ತೊಗಲಿನ ಗುಂಡು ಕಳಚದೆ ನಿಂತಿತಲ್ಲ, ಅದು ಅವರಿಗೆ ದೊಡ್ಡದು. ಗುಂಡಿನ ಹಿಂದೆ ನಾನೂರು ಕಿಲೋ ಗೂಳಿಯಿತ್ತು, ಲಿದುವೀನುವಿನ ಬೆನ್ನ ಹಿಂದೆ ಕಪ್ಪು ಕಲ್ಲಿನ ಗೋಡೆಯಿತ್ತು. ನಡುವೆ ಇದ್ದದ್ದು ಅವನ ಎದೆ.

ಆ ಅಣಸು ಹಾಕಿದವನು ದೆವೊದಾತು, ಲಿದುವೀನುವಿನ ಹೆಂಡತಿಯ ಅಣ್ಣ. ಊರು ಈಗ ಅವನನ್ನು ಹುಚ್ಚ ಎನ್ನುತ್ತಿದೆ. ಹುಚ್ಚು ಯಾರದೆಂದು ಓದಿದವರು ಹೇಳಲಿ.

ನಡುಗಡಲಿನ ನಮ್ಮ ತೆರ್ಸೇರಾ ದ್ವೀಪದಲ್ಲಿ ಹುಟ್ಟಿದ ಮಗುವಿಗೆ 'ಅಣಸು ಹಾಕು' ಎಂಬ ಕ್ರಿಯಾಪದವನ್ನು ಯಾರೂ ಕೂರಿಸಿಕೊಂಡು ಕಲಿಸಬೇಕಾಗಿಲ್ಲ. ಮೇ ತಿಂಗಳಿನಿಂದ ಅಕ್ಟೋಬರ್ ನಡುವಿನವರೆಗೆ ಯಾವುದಾದರೊಂದು ಬೀದಿಯಲ್ಲಿ ಹಗ್ಗದ ಗೂಳಿ, ಎಂದರೆ ಕೊರಳಿಗೆ ಉದ್ದ ಹಗ್ಗ ಕಟ್ಟಿ ಜನರ ನಡುವೆ ಬಿಟ್ಟ ಗೂಳಿ, ಓಡುತ್ತಲೇ ಇರುತ್ತದೆ. ಓಡುವ ಪ್ರತಿ ಗೂಳಿಗೂ ಅವತ್ತು ಬೆಳಿಗ್ಗೆ ಅಣಸು ಹಾಕಿರುತ್ತಾರೆ. ಶಬ್ದಕೋಶ ತೆಗೆದರೆ ಅರ್ಥ ಒಂದೇ ಸಾಲು: ಕೊಂಬಿನ ತುದಿಗೆ ಗುಂಡು ತೊಡಿಸಿ ಅಪಾಯವಿಲ್ಲದಂತೆ ಮಾಡು. ಬರೆದ ಪಂಡಿತರು ಗೂಳಿಯ ಎದುರು ನಿಂತವರಲ್ಲ, ಬಿಡಿ. ನಿಂತ ನಾವೂ ಅದನ್ನೇ ನಂಬಿದ್ದೇವೆ. ನಂಬಿದ್ದು ಸಾಲದೆಂದು ಸಿಕ್ಕಿದ್ದಕ್ಕೆಲ್ಲ ಆ ಮಾತನ್ನು ಹಚ್ಚಿದ್ದೇವೆ. ಮಗು ನಡೆಯಲು ಕಲಿತಾಗ ಮೇಜಿನ ಮೂಲೆಗೆ ಬಟ್ಟೆ ಸುತ್ತಿದರೆ ಮೇಜಿಗೆ ಅಣಸು ಹಾಕಿದ ಹಾಗೆ. ಗಂಡ ಕುಡಿದು ಬರುವ ಹೊತ್ತಿಗೆ ಹೆಂಡತಿ ಕೋವಿಯ ತೋಟಾ ತೆಗೆದಿಟ್ಟರೆ ಕೋವಿಗೆ ಅಣಸು. ಬಾಯಿಬಡುಕನೊಬ್ಬ ಮದುವೆಯಾಗಿ ಮೆತ್ತಗಾದರೆ "ಹಾಕಿದ್ಳಪ್ಪಾ ಅಣಸು!" ಆಸ್ತಿಯ ಪಾಲಿಗೆ ಎದ್ದು ನಿಂತ ತಮ್ಮನಿಗೆ ಅಣ್ಣ ಒಂದು ಹಸು ಕೊಟ್ಟು ಬಾಯಿ ಮುಚ್ಚಿಸಿದರೆ ಅದೂ ಅಣಸೇ. ತೋಟಾ ಬೀರುವಿನಲ್ಲಿ ಇದ್ದೇ ಇರುತ್ತದೆ. ಮೇಜಿನ ಮೂಲೆ ಬಟ್ಟೆಯೊಳಗೆ ಚೂಪಾಗಿಯೇ ಇರುತ್ತದೆ. ತಮ್ಮನ ಸಿಟ್ಟು ಆ ಹಸುವಿನ ಜೊತೆಗೇ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುತ್ತದೆ. ನೋಡುವವರ ಹೆದರಿಕೆ ಮಾತ್ರ ಹೊರಟುಹೋಗಿರುತ್ತದೆ.

ದೆವೊದಾತು ಬೂಟು ಹೊಲಿಯುವವನ ಮಗ. ತಾನೂ ಬೂಟು ಹೊಲಿದು ಬದುಕಿದವನು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೊದಲ ಅಣಸು ಹಾಕಿದ. ಈಗ ಅವನಿಗೆ ಅರವತ್ತೇಳು. ಎಂಬತ್ತನೆಯ ಇಸವಿಯ ಭೂಕಂಪದಲ್ಲಿ ಅವನ ಮನೆ ಬಿತ್ತು. ಆ ಬೇಸಿಗೆಯಲ್ಲಿ ಡೇರೆಯಲ್ಲಿ ಕೂತು, ತನ್ನ ಸೂರಿನ ಗತಿ ಏನೆಂದು ತಿಳಿಯುವ ಮೊದಲೇ ಗೂಳಿಗಳಿಗೆ ಅಣಸು ಹೊಲಿಯುತ್ತಿದ್ದ. ಮದುವೆಯಾಗಲಿಲ್ಲ. ಬಲಗೈಯ ಉಂಗುರದ ಬೆರಳು ಎರಡನೆಯ ಗೆಣ್ಣಿನವರೆಗೆ ಮಾತ್ರ ಇದೆ. ಉಳಿದದ್ದು ಒಂದು ಕಪ್ಪು ಗೂಳಿಗೂ ಅದನ್ನು ಕೂಡಿಹಾಕುವ ಮರದ ಕಟಕಟೆಗೂ ನಡುವೆ ಸಿಕ್ಕು ಹೋಯಿತು. "ಉಂಗುರ ತೊಡಿಸೋಳು ಬರ್ಲಿಲ್ಲ, ಬೆರಳು ಕಾದು ಕಾದು ಹೊರಟೋಯ್ತು" ಎಂದು ತಾನೇ ನಗುತ್ತಾನೆ.

ಅವನ ಕೆಲಸದ ರೀತಿ ಹೀಗೆ. ದಪ್ಪ ತೊಗಲನ್ನು ಹಿಂದಿನ ದಿನವೇ ನೀರಿಗೆ ಹಾಕುತ್ತಾನೆ. ಬೆಳಿಗ್ಗೆ ಗೂಳಿಯನ್ನು ಕಟಕಟೆಗೆ ನುಗ್ಗಿಸಿ, ತಲೆಯನ್ನು ಹಗ್ಗದಲ್ಲಿ ಕಂಬಕ್ಕೆ ಎಳೆದು ಬಿಗಿಯುತ್ತಾರೆ. ಅರದಿಂದ ಕೊಂಬಿನ ಚೂಪನ್ನು ಸವರಿ, ಒದ್ದೆ ತೊಗಲನ್ನು ತುದಿಗೆ ತೊಡಿಸಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದು, ಕೆಳಗೆ ಮೂರು ಸುತ್ತು ಕಟ್ಟುತ್ತಾನೆ. ತೊಗಲು ಒಣಗುತ್ತ ಹೋದಂತೆ ಮುಷ್ಟಿಯ ಹಾಗೆ ಬಿಗಿಯುತ್ತದೆ. ಸಂಜೆ ಓಡುವ ಹೊತ್ತಿಗೆ ಸುತ್ತಿಗೆ ಹಾಕಿದರೂ ಬರುವುದಿಲ್ಲ. ನಲವತ್ತೊಂದು ಬೇಸಿಗೆಯಲ್ಲಿ ಅವನು ಹಾಕಿದ ಒಂದು ಅಣಸೂ ಬೀದಿಯಲ್ಲಿ ಕಳಚಿರಲಿಲ್ಲ. ಬೇರೆ ಊರುಗಳಲ್ಲಿ ಕಳಚಿದ್ದುಂಟು, ತೊಡೆ ಹರಿದದ್ದುಂಟು. "ನಿಮ್ಮೂರಲ್ಲಿ ಬಿಡಪ್ಪ, ದೆವೊದಾತು ಇದಾನೆ" ಎಂದು ಜನ ಗೋಡೆಯ ಕೆಳಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವನಿಗೂ ಆ ಮಾತು ಇಷ್ಟವಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ.

ಲಿದುವೀನು ಬೇರೆಯೇ ಬಗೆಯ ಮನುಷ್ಯ. ಕ್ಷೌರದ ಕತ್ತರಿ ಹಿಡಿದರೆ ಮೀಸೆಯ ಒಂದು ಕೂದಲೂ ಹೆಚ್ಚುಕಡಿಮೆಯಾಗದು. ಕರಿ ಕೊಡೆ ಹಿಡಿದು ಗೂಳಿಯ ಎದುರು ನಿಂತರೆ ಮೈಮೇಲೆ ಎಚ್ಚರವಿಲ್ಲ. ಗೂಳಿ ನುಗ್ಗುವಾಗ ಮುಖದೆದುರು ಕೊಡೆಯನ್ನು ಪಟ್ಟನೆ ಬಿಚ್ಚಿ ತಾನು ಪಕ್ಕಕ್ಕೆ ಜಾರುತ್ತಿದ್ದ. ಅವನಂಥ ಆಟಗಾರ ದ್ವೀಪದಲ್ಲಿ ಇನ್ನೊಬ್ಬನಿಲ್ಲವೆಂದು ಅವನೇ ಹೇಳುತ್ತಿದ್ದ, ಊರೂ ಹೇಳುತ್ತಿತ್ತು. ಹೋದ ವರ್ಷ ಜುಲೈನಲ್ಲಿ ಪಕ್ಕದೂರಿನ ಬೀದಿಯಲ್ಲಿ ಬೂದಿಬಣ್ಣದ ಗೂಳಿಯೊಂದು ಅವನ ಕೊಡೆಯನ್ನು ಕಿತ್ತುಕೊಂಡು ಅರ್ಧ ಬೀದಿ ಓಡಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಡೆ ಹೋದದ್ದಕ್ಕಿಂತ ಆ ನಗು ಅವನಿಗೆ ನಾಟಿತು.

ನಮ್ಮಲ್ಲಿ ಗೂಳಿಗಳಿಗೆ ಹೆಸರಿಗಿಂತ ಪಕ್ಕೆಯ ಮೇಲೆ ಸುಟ್ಟ ಅಂಕಿಯೇ ಗುರುತು. ಇದು ನೂರಾಹನ್ನೆರಡು. ಸಾಕುವವನು ಗ್ವಾಲ್ತೇರ್, ಗುಡ್ಡದ ಮೇಲೆ ಇನ್ನೂರು ದನ, ಕೆಳಗೆ ಮೂರು ಲಾರಿ ಅವನವು. ಲಿದುವೀನು ಅವನ ಬೆನ್ನುಬಿದ್ದ. ಆಗಸ್ಟಿನಲ್ಲಿ ನಮ್ಮ ಬೀದಿಯ ಓಟ, ಅದೇ ದಿನ ಲಿದುವೀನುವಿಗೆ ಅರವತ್ತು ತುಂಬುತ್ತದೆ, ನಾಲ್ಕನೆಯ ಗೂಳಿಯಾಗಿ ನೂರಾಹನ್ನೆರಡೇ ಬರಬೇಕು. ಗ್ವಾಲ್ತೇರ್ ಒಪ್ಪಿದ. ಸುದ್ದಿ ಹಬ್ಬಿತು. ಎಂಟೂರಿನ ಜನ ಬರುತ್ತಾರೆಂದಾಯಿತು.

ಓಟದ ದಿನ, ಶನಿವಾರ ಬೆಳಿಗ್ಗೆ, ಗುಡ್ಡದ ಮೇಲೆ ಮಂಜು ಸೊಂಟದವರೆಗಿತ್ತು. ಮೊದಲ ಮೂರು ಗೂಳಿಗಳಿಗೆ ಅಣಸಾಯಿತು. ನಾಲ್ಕನೆಯದರ ಎಡಗೊಂಬಿಗೆ ಕೈ ಹಾಕಿದ ದೆವೊದಾತು ನಿಂತುಬಿಟ್ಟ.

"ಧಣಿ, ಸ್ವಲ್ಪ ಇಲ್ಲಿ ಬನ್ನಿ."

ಗ್ವಾಲ್ತೇರ್ ಲಾರಿಯ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದ. "ಏನ್ ಮಾಮ, ಇದಕ್ಕೂ ಅಳತೆ ತಗೊಂಡು ಬೂಟು ಹೊಲೀತೀಯಾ?"

"ಎಡಗೊಂಬು ನೋಡಿ. ಬುಡದಿಂದ ನಾಲ್ಕು ಬೆರಳು ಮೇಲೆ."

"ಗೀರು. ಆ ಊರಲ್ಲಿ ಗೋಡೆಗೆ ಗುದ್ದಿತ್ತಲ್ಲ."

"ಗೀರಾ?" ದೆವೊದಾತು ಹೆಬ್ಬೆರಳಿನಿಂದ ಆ ಗೆರೆಯನ್ನು ಮೆಲ್ಲಗೆ ಒತ್ತಿದ. ಗೂಳಿಯ ಮೈ ಬಾಲದವರೆಗೂ ನಡುಗಿತು. ಕಟಕಟೆಯ ಹಲಗೆಗಳು ಗಡಗಡ ಅಂದವು. "ಕೊಂಬಿನ ಮೇಲಿನ ಚಿಪ್ಪು ಒಡೆದಿದೆ ಧಣಿ. ಒಳಗಿನ ಮೂಳೆಗೆ ಜೀವ ಇರತ್ತೆ, ನಿಮಗ್ಗೊತ್ತಿಲ್ದೆ ಇರೋದಾ? ಇದು ಇವತ್ತು ಬೀದಿಗಿಳಿಯೋ ಪ್ರಾಣಿ ಅಲ್ಲ. ನಾನು ಹಾಕಲ್ಲ."

"ಊರಿಗೂರೇ ಬರ್ತಾ ಇರೋದು ಇದನ್ನ ನೋಡೋಕೆ. ಕೇಳಿ ಕೇಳಿ ಕರೆಸಿದ್ದು ನಿನ್ನ ತಂಗಿ ಗಂಡನೇ."

"ಅವನಿಗೆ ನಾನ್ ಹೇಳ್ತೀನಿ."

"ಹೇಳ್ಕೋ. ಗೂಳಿ ಅಂತೂ ಇಳಿಯತ್ತೆ." ಗ್ವಾಲ್ತೇರ್ ಲೋಟದ ಗಸಿಯನ್ನು ಹುಲ್ಲಿಗೆ ಚೆಲ್ಲಿದ. ಸಿಟ್ಟು ಮಾಡಲಿಲ್ಲ, ಅವನು ಎಂದೂ ಸಿಟ್ಟು ಮಾಡುವವನಲ್ಲ. "ನೀನು ಹಾಕಲ್ಲ ಅಂದ್ರೆ ನಮ್ಮ ಆಳುಗಳು ಟೇಪು ಸುತ್ತಿ ಏನೋ ಒಂದು ತುರುಕ್ತಾರೆ. ಅವರ ಕೈ ನಿನ್ನ ಕೈ ಅಲ್ಲ. ಬೀದೀಲಿ ಕಳಚಿ ಬಿದ್ರೆ ಯಾರ ಹೊಟ್ಟೆಗೆ ಇಳಿಯತ್ತೋ, ದೇವ್ರೇ ಬಲ್ಲ. ಯೋಚ್ನೆ ಮಾಡು ಮಾಮ. ನಿಧಾನ."

ಕೆಟ್ಟ ಕೆಲಸವನ್ನು ಒಳ್ಳೆಯವನ ಕೈಯಲ್ಲಿ ಮಾಡಿಸುವ ದಾರಿ ಇದೇ. 'ನೀನು ಬಿಟ್ಟರೆ ಇನ್ನೂ ಕೆಟ್ಟದಾಗಿ ಮಾಡುವವರಿದ್ದಾರೆ' ಎಂದರೆ ಸಾಕು.

ದೆವೊದಾತು ಕಲ್ಲಿನ ಮೇಲೆ ಕೂತ. ಎದ್ದ. ತುದಿಗೆ ಎಂದಿನ ಗುಂಡು ಹೊಲಿದ. ಒಡೆದ ಚಿಪ್ಪು ಗುಂಡಿನ ಸಮೇತ ಕಳಚಿ ಬಂದರೆ ಒಳಗಿನ ಮೂಳೆ ಕತ್ತಿಯಂತೆ ಹೊರಬೀಳುತ್ತದೆ. ಅದಾಗಬಾರದೆಂದು ಉದ್ದನೆಯ ಒದ್ದೆ ತೊಗಲಿನ ಪಟ್ಟಿಯನ್ನು ಬಿರುಕಿನ ಮೇಲಿಂದ ಬುಡದವರೆಗೂ, ಮುರಿದ ಕಾಲಿಗೆ ಕಟ್ಟಿದಂತೆ ಸುತ್ತಿ, ಮೊಣಕಾಲು ಕೊಟ್ಟು ಎಳೆದು ಕಟ್ಟಿದ. ಅವನ ಬದುಕಿನಲ್ಲೇ ಅಷ್ಟು ಅಚ್ಚುಕಟ್ಟಾದ ಕಟ್ಟು ಕಟ್ಟಿರಲಿಲ್ಲವಂತೆ. ಗೂಳಿ ಕೂಗಲಿಲ್ಲ. ಕಣ್ಣಂಚಿನಿಂದ ನೀರು ಇಳಿಯಿತು, ಅಷ್ಟೆ.

ಓಟಕ್ಕೆ ಒಪ್ಪಿಗೆ ಕೊಡುವ ಸರ್ಕಾರಿ ತಪಾಸಣೆಯವನು ಒಂಬತ್ತಕ್ಕೆ ಬಂದ. ಅವನ ಕೈಯಲ್ಲೊಂದು ಕಾಗದ, ಅದರಲ್ಲಿ ಗೂಳಿಯ ಅಂಕಿ, ಹಗ್ಗದ ಉದ್ದ, ಅಣಸು ಹಾಕಿದೆಯೋ ಇಲ್ಲವೋ.

"ಸ್ವಾಮಿ, ನೂರಾಹನ್ನೆರಡರ ಕೊಂಬು ಒಡೆದಿದೆ ಅಂತ ಬರ್ಕೊಳ್ಳಿ" ಎಂದ ದೆವೊದಾತು.

"ಅದನ್ನ ಬರ್ಯೋಕೆ ಇದ್ರಲ್ಲಿ ಜಾಗ ಎಲ್ಲಿದೆ? ಅಣಸು ಹಾಕಿದೀಯಾ?"

"ಹಾಕಿದೀನಿ."

"ಗಟ್ಟಿ ಇದೆಯಾ?"

"ನನ್ನ ಕೈಕೆಲಸ ಯಾವತ್ತಾದ್ರೂ ಸಡಿಲ ಆಗಿದ್ದಿದೆಯಾ?"

"ಮತ್ತಿನ್ನೇನು!" ಎಂದು ಅವನು ಗುರುತು ಹಾಕಿ ಸಹಿ ಮಾಡಿದ. ತಾನಾಡಿದ ಆ ಒಂದು ಮಾತನ್ನು ನೆನೆಸಿಕೊಂಡು ದೆವೊದಾತು ಇವತ್ತಿಗೂ ಹಲ್ಲು ಕಚ್ಚುತ್ತಾನೆ. ಕಾಗದದಲ್ಲಿ ಜಾಗವಿಲ್ಲದಿದ್ದರೆ ಹೋಗಲಿ, ತನ್ನ ಬಾಯಿಗೇನಾಗಿತ್ತು ಅನ್ನುತ್ತಾನೆ. ಕೆಲಸದ ಹೆಮ್ಮೆ ಬಾಯಿಗೆ ಬಂದು ಕೂತಿತ್ತು.

ಮಧ್ಯಾಹ್ನ ಕ್ಷೌರದಂಗಡಿಗೆ ಹೋದ. ಅಂಗಡಿಯ ತುಂಬ ಜನ. ಸಂಜೆಗೆ ಮುಖ ನುಣ್ಣಗಾಗಬೇಕಲ್ಲ. ಲಿದುವೀನು ಒಬ್ಬನ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ.

"ಬಾ ಭಾವ ಬಾ! ಗೂಳಿಗಳಿಗೆಲ್ಲ ಟೋಪಿ ಹಾಕಿ ಬಂದ್ಯಾ? ನಿನ್ನ ಬೋಳು ತಲೆಗೇ ಒಂದು ಇರ್ಲಿಲ್ವಲ್ಲೋ!"

ಎಲ್ಲರೂ ನಕ್ಕರು. ದೆವೊದಾತು ಬಾಗಿಲಲ್ಲೇ ನಿಂತು ಹೇಳಿದ: "ಲಿದುವೀನು, ಇವತ್ತು ಆಡ್ಬೇಡ. ನೂರಾಹನ್ನೆರಡರ ಕೊಂಬು ಒಡೆದಿದೆ."

"ಒಡೆದಿದ್ರೆ ಒಳ್ಳೇದಾಯ್ತು. ಅರ್ಧ ಗೂಳಿ, ಅರ್ಧ ಕಷ್ಟ."

"ತಮಾಷೆ ಅಲ್ಲ ಕಣಯ್ಯ. ಅದು ಎಂಟು ಸಲ ಬೀದಿ ನೋಡಿದೆ, ಕೊಡೆ ಯಾವ್ದು ಮನುಷ್ಯ ಯಾವ್ದು ಅದಕ್ಕೀಗ ಗೊತ್ತು. ಅದರ ಮೇಲೆ ಈ ನೋವು."

"ಒಂದೇ ಒಂದು ಹೇಳು. ನಿನ್ನ ಅಣಸು ಗಟ್ಟಿ ಇದೆಯೋ ಇಲ್ವೋ?"

"ಗಟ್ಟಿ ಇದೆ. ಅದೇ ನನಗೆ ಹೆದರಿಕೆ."

"ಕೇಳಿದ್ರಾ!" ಲಿದುವೀನು ಕತ್ತಿಯನ್ನು ಮೇಲೆತ್ತಿ ಅಂಗಡಿಗೆಲ್ಲ ಸಾರಿದ. "ನಲವತ್ತು ವರ್ಷ ಗಟ್ಟಿ ಗಟ್ಟಿ ಅಂತ ಮೆರೆದೋನು ಈಗ ಗಟ್ಟಿ ಆಗಿದ್ದಕ್ಕೆ ಹೆದ್ರಿಕೊಳ್ತಾನಂತೆ! ಹೋಗೋ ಭಾವ, ಮನೇಲಿ ನಿನ್ನ ತಂಗಿ ಬೆಳಿಗ್ಗೆಯಿಂದ ಮಡಕೆ ತುಂಬ ಮಾಂಸ ಬೇಯಿಸ್ತಾ ಇದಾಳೆ. ರುಚಿ ನೋಡು ಹೋಗು. ಸಂಜೆ ಐದನೇ ಗೂಳಿಗೆ ಸಿಗ್ತೀನಿ."

ನಾಲ್ಕು ಗೂಳಿಗಳ ಓಟ ಮುಗಿದ ಮೇಲೆ ಮನೆಮನೆಯಲ್ಲೂ ಹಾಕುವ ಊಟದ ಮೇಜಿಗೆ ನಾವು ಐದನೆಯ ಗೂಳಿ ಎನ್ನುತ್ತೇವೆ. ಯಾರು ಯಾರ ಮನೆಗಾದರೂ ನುಗ್ಗಿ ಉಣ್ಣಬಹುದು.

ಮಂಜು ಕರಗಿ ಬಿಸಿಲು ಏರಿತು. ನಾಲ್ಕು ಗೂಳಿಗಳೂ ಬೀದಿಯ ತುದಿಯಲ್ಲಿ ತಮ್ಮ ತಮ್ಮ ಮರದ ಪೆಟ್ಟಿಗೆಗಳಲ್ಲಿ ಕಾಯುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಕಟ್ಟಿದ ಒದ್ದೆ ತೊಗಲು ಹತ್ತಕ್ಕೆ ಒಂದಿಷ್ಟು ಒಣಗಿತು, ಹನ್ನೆರಡಕ್ಕೆ ಇನ್ನಷ್ಟು, ಮೂರಕ್ಕೆ ಮತ್ತಷ್ಟು. ಒಣಗಿದಷ್ಟೂ ಒಡೆದ ಕೊಂಬನ್ನು ಹಿಂಡುತ್ತ ಹೋಯಿತು. ಪೆಟ್ಟಿಗೆಯೊಳಗಿಂದ ಧಡ್, ಧಡ್ ಎಂದು ಒಂದೇ ಕಡೆಗೆ ಗುದ್ದುವ ಸದ್ದು ಬರುತ್ತಿತ್ತು. "ಆಹಾ, ಏನು ರೋಷ!" ಎಂದು ಜನ ಪೆಟ್ಟಿಗೆಯನ್ನು ತಟ್ಟಿ ಹೋಗುತ್ತಿದ್ದರು. ಅದು ರೋಷವಲ್ಲವೆಂದು ಗೊತ್ತಿದ್ದವನು ಒಬ್ಬನೇ. ಅವನು ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಗ್ವಾಲ್ತೇರ್‌ಗೆ ಎರಡು ಸಲ ಹೇಳಿದ, "ಧಣಿ, ಕಟ್ಟು ಬಿಚ್ಚೋಣ, ಇದನ್ನ ವಾಪಸ್ ಕಳಿಸೋಣ." ಗ್ವಾಲ್ತೇರ್ ಬಂದ ನೆಂಟರ ಕೈ ಕುಲುಕುತ್ತಿದ್ದ. ಮೂರನೆಯ ಸಲ ದೆವೊದಾತು ಹೇಳಲಿಲ್ಲ.

ಆರೂಮುಕ್ಕಾಲಿಗೆ ನಾಲ್ಕನೆಯ ಗೂಳಿ ಬಿಟ್ಟರೆಂದು ಸಾರುವ ಪಟಾಕಿ ಆಕಾಶಕ್ಕೆ ಹಾರಿ ಸಿಡಿಯಿತು. ಪೆಟ್ಟಿಗೆಯ ಬಾಗಿಲು ಮೇಲೆದ್ದಿತು. ನೂರಾಹನ್ನೆರಡು ಹೊರಬಂದು ಓಡಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿ, ಎಡಗೊಂಬನ್ನು ಮೊದಲ ಮನೆಯ ಗೋಡೆಗೆ ತಿಕ್ಕುತ್ತ ನಡೆದು ಬಂತು. ಹಗ್ಗ ಹಿಡಿದ ಕಪ್ಪು ಟೋಪಿಯ ದನಗಾಹಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಬಾಲ್ಕನಿಗಳಿಂದ "ಲಿದುವೀನು! ಲಿದುವೀನು!" ಎಂದು ಕೂಗು. ಅವನು ಬಿಳಿ ಅಂಗಿ ತೊಟ್ಟು ಬೀದಿಯ ನಡುವೆ ಬಂದ. ಕೊಡೆಯನ್ನು ಮಡಿಸಿಯೇ ಹಿಡಿದು ಗೂಳಿಗೆ ನಮಸ್ಕಾರ ಹಾಕಿದ. ನಗು.

ಗೂಳಿ ನುಗ್ಗಿತು. ಕೊಡೆ ಪಟ್ಟನೆ ಬಿಚ್ಚಿತು. ಅದು ಕೊಡೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಲಿದುವೀನು ಪಕ್ಕಕ್ಕೆ ಜಾರುವ ಮೊದಲೇ ಅದೂ ಅತ್ತಲೇ ತಿರುಗಿತ್ತು. ಅವನನ್ನು ಎತ್ತಲಿಲ್ಲ, ಎಸೆಯಲಿಲ್ಲ. ಎಡಗೊಂಬಿನ ಗುಂಡನ್ನು ಅವನ ಎದೆಗೆ ಇಟ್ಟು ಗೋಡೆಗೆ ಒತ್ತಿತು. ತುರಿಕೆಯಾದ ದನ ಮರಕ್ಕೆ ಒತ್ತುವುದಿಲ್ಲವೇ, ಹಾಗೆ. ನೋವನ್ನು ಅಲ್ಲೇ ಬಿಟ್ಟುಹೋಗಬೇಕು ಅನ್ನುವ ಹಾಗೆ. ಎಂಟು ಜನ ಹಗ್ಗ ಎಳೆದರೂ ಹತ್ತು ಎಣಿಸುವಷ್ಟು ಹೊತ್ತು ಅದು ಅಲುಗಲಿಲ್ಲ. ಆಮೇಲೆ ಬಿಟ್ಟಿತು. ಲಿದುವೀನು ಗೋಡೆಗೆ ಒರಗಿಯೇ ಕೂತ. ಮುಖ ತುಸು ಆಶ್ಚರ್ಯಪಟ್ಟ ಹಾಗಿತ್ತು.

"ಏನೂ ಆಗಿಲ್ಲ, ಏನೂ ಆಗಿಲ್ಲ, ರಕ್ತ ಇಲ್ಲ!" ಎಂದು ಯಾರೋ ಬಾಲ್ಕನಿಯಿಂದ ಕೂಗಿದರು. ಚಪ್ಪಾಳೆ ಬಿತ್ತು. ಅವನಿಗೆ ನೀರು ಕುಡಿಸಲು ಹೋದವನು ಲೋಟ ಕೆಳಗಿಟ್ಟು ಟೋಪಿ ತೆಗೆದಾಗ ಚಪ್ಪಾಳೆ ನಿಂತಿತು.

ಶವವನ್ನು ಅವನ ಮನೆಯ ಪಡಸಾಲೆಯಲ್ಲಿ ಮಲಗಿಸಿದರು. ಹೆಂಡತಿ ಎರ್ಮೀನಿಯಾ ಬೇಯಿಸಿದ್ದ ಮಾಂಸದ ಮಡಕೆ ಒಲೆಯ ಮೇಲೆ ಹಾಗೇ ಇತ್ತು. ಬಂದವರು ಸುಮ್ಮನೆ ಕೂರಲಾರದೆ ಒಂದೊಂದು ತುಂಡು ತಿಂದರು; ತಿನ್ನುತ್ತ ಅಣಸನ್ನು ಹೊಗಳಿದರು. "ದೆವೊದಾತು ಮಾಮನ ಕೈಯಪ್ಪಾ ಅದು. ಬೇರೆಯವರದಾಗಿದ್ರೆ ಕರುಳೇ ಬೀದಿಗೆ ಬರ್ತಿತ್ತು." ಮೂಲೆಯಲ್ಲಿ ನಿಂತಿದ್ದ ದೆವೊದಾತು ಇದನ್ನೆಲ್ಲ ಕೇಳಿ ತಂಗಿಯನ್ನು ಹಿತ್ತಲಿಗೆ ಕರೆದ. ಮುಂದಿನದನ್ನು ಎರ್ಮೀನಿಯಾ ನನಗೆ ಹೇಳಿದ್ದು.

"ಕಳಚಿತ್ತಾ ಅಣ್ಣ, ಅಣಸು?" ಎಂದು ಅವಳೇ ಕೇಳಿದಳಂತೆ.

"ಇಲ್ಲ ಕಣಮ್ಮ. ಕಳಚಿದ್ರೆ ಗೂಳಿಗೆ ನೋವಾದ್ರೂ ಇಳೀತಿತ್ತೇನೋ. ಒಡೆದ ಕೊಂಬಿಗೆ ಹಸಿ ತೊಗಲು ಬಿಗಿದೆ. ಬಿಸಿಲಿಗೆ ಬಿಗೀತಾ ಹೋಗತ್ತೆ ಅಂತ ನನಗೆ ಗೊತ್ತಿತ್ತು. ಕಳಚಬಾರ್ದು ಅನ್ನೋದೊಂದೇ ತಲೇಲಿತ್ತು. ಆ ಗೂಳಿಗೆ ಹುಚ್ಚು ಹಿಡಿಸಿದ್ದು ನನ್ನ ಕೈ."

ಎರ್ಮೀನಿಯಾ ಹಿತ್ತಲ ಬಾಗಿಲನ್ನು ಎಳೆದು ಮುಚ್ಚಿದಳು. ಆಮೇಲೆ, "ನನಗೆ ಹೇಳಿ ನೀನು ಹಗುರ ಮಾಡ್ಕೊಂಡೆ. ನಾನಿದನ್ನ ಎಲ್ಲಿ ಇಡ್ಲಿ? ಅಲ್ಲಿ ಕೂತು ತಿಂತಾ ಇದಾರಲ್ಲ, ಅವರಿಗೆ ಹೇಳು ಹೋಗು. ಆ ಪ್ರಾಣಿ ಇನ್ನೊಬ್ಬಳ ಗಂಡನ ಎದುರು ನಿಲ್ಲಬಾರ್ದು. ಅಲ್ಲೀವರೆಗೆ ನನ್ನ ಮುಂದೆ ಬರ್ಬೇಡ" ಎಂದಳು.

ಅವನು ಒಳಗೆ ಬಂದು, ಹೆಣದ ಪಕ್ಕದಲ್ಲೇ ನಿಂತು ಎಲ್ಲವನ್ನೂ ಹೇಳಿದ. ನಾನಿದ್ದೆ, ಕೇಳಿದೆ. ಹೇಳಿ ಮುಗಿಸುವ ಮೊದಲೇ ಒಬ್ಬರು ಅವನ ಭುಜ ಹಿಡಿದರು, ಇನ್ನೊಬ್ಬರು ಕೈಗೆ ವೈನಿನ ಲೋಟ ಕೊಟ್ಟರು. "ಕೂತ್ಕೊ ಮಾಮ. ದುಃಖದಲ್ಲಿದೀಯ. ನಿನ್ನದೇನೂ ತಪ್ಪಿಲ್ಲ." ಅವನ ತಪ್ಪಿದ್ದರೆ ಗ್ವಾಲ್ತೇರ್‌ನ ತಪ್ಪೂ ಇರಬೇಕಾಗುತ್ತಿತ್ತು, ಗೂಳಿ ಬೇಕೆಂದ ನಮ್ಮದೂ, ಪೆಟ್ಟಿಗೆ ತಟ್ಟಿ ಹೋದ ನಮ್ಮದೂ. ಅಷ್ಟೊಂದು ತಪ್ಪನ್ನು ಯಾರು ಹೊರುತ್ತಾರೆ?

ಸೋಮವಾರ ಅವನು ಅರ್ಜಿ ಬರೆಸಿಕೊಂಡು ತಪಾಸಣೆಯವನ ಕಚೇರಿಗೆ ಹೋದ. ನೂರಾಹನ್ನೆರಡನ್ನು ಇನ್ನು ಯಾವ ಬೀದಿಗೂ ಬಿಡಬಾರದು ಎಂದು ಅರ್ಜಿ. ತಪಾಸಣೆಯವನು ತನ್ನ ಕಾಗದ ತೆಗೆದು ತೋರಿಸಿದ. "ನೋಡು, ನೀನೇ ಹೇಳಿದ್ದು. ಅಣಸು ಹಾಕಿದೆ, ಗಟ್ಟಿ ಇದೆ. ಸತ್ತದ್ದು ಅಣಸಿನಿಂದ ಅಲ್ಲ, ಗೋಡೆಯಿಂದ. ಈಗೇನು, ಗೋಡೆ ಒಡೆಸ್ಲಾ?" ಅರ್ಜಿಯ ಮೇಲೆ ಮೊಹರು ಬಿತ್ತು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಚಳಿಗಾಲದಲ್ಲಿ ಗೂಳಿಯ ಕೊಂಬಿನ ಚಿಪ್ಪು ಕೂಡಿಕೊಂಡಿತು. ಹುಲ್ಲು ತಿಂದು ಐವತ್ತು ಕಿಲೋ ಹೆಚ್ಚಿತು. ಕೊಂದ ಗೂಳಿಗೆ ನಮ್ಮಲ್ಲಿ ಬೇಡಿಕೆ ಹೆಚ್ಚೆಂದು ಹೇಳಲು ನಾಚಿಕೆಯಾಗುತ್ತದೆ, ಹೇಳಲೇಬೇಕು. ಈ ಬೇಸಿಗೆಯ ಭಿತ್ತಿಪತ್ರಗಳಲ್ಲಿ ಅದರ ಅಂಕಿಯನ್ನು ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಹನ್ನೊಂದು ಊರು ಅದನ್ನು ಕೇಳಿವೆ. ಮೊದಲ ಓಟ ಗುಡ್ಡದ ಆಚೆಯ ಊರಿನಲ್ಲಿ, ಹೋದ ಭಾನುವಾರ. ಗ್ವಾಲ್ತೇರ್ ದೆವೊದಾತುವನ್ನೇ ಕರೆದ.

"ಕೊಂಬು ಈಗ ಕಲ್ಲಾಗಿದೆ ಮಾಮ. ನೀನೇ ಬಂದು ನೋಡು."

"ಕೊಂಬು ಕಲ್ಲಾಗಿರ್ಬಹುದು ಧಣಿ. ಮನುಷ್ಯನ್ನ ಗೋಡೆಗೆ ಒತ್ತಿದ್ರೆ ನೋವು ಇಳಿಯತ್ತೆ ಅಂತ ಅದು ಕಲ್ತಿದೆ. ಅದಕ್ಕೆ ಹಾಕೋ ಅಣಸು ನನ್ನ ಹತ್ರ ಇಲ್ಲ."

ಅವನು ಹೋಗಲಿಲ್ಲ, ಇನ್ನೊಬ್ಬ ಬಂದ. ಟೇಪು ಸುತ್ತಿದ, ಹತ್ತು ನಿಮಿಷದ ಕೆಲಸ. ಕಾಗದದ ಮೇಲೆ ಗುರುತು ಬಿತ್ತು. ದೆವೊದಾತು ಅವತ್ತು ಬೆಳಿಗ್ಗೆಯೇ ಬಸ್ಸು ಹತ್ತಿ ಆ ಊರಿಗೆ ಹೋಗಿ, ಗೂಳಿ ಓಡುವ ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿದ. ಕುರ್ಚಿಗಳನ್ನು ಒಳಗೆ ತೆಗೆದುಕೊಳ್ಳಿ, ಗೋಡೆಯ ಕೆಳಗೆ ಯಾರೂ ನಿಲ್ಲಬೇಡಿ, ಇದು ಗೋಡೆ ಹುಡುಕುವ ಗೂಳಿ. ಕೆಲವರು ತಲೆಯಾಡಿಸಿದರು. ಒಬ್ಬಳು ಕೊಟ್ಟ ಬ್ರೆಡ್ಡನ್ನು ಅವನು ಮುಟ್ಟಲಿಲ್ಲ. ಹೆಚ್ಚಿನವರು ನಕ್ಕರು. "ಟೋಪಿ ಹಾಕೋ ಕೆಲಸ ಹೋಯ್ತು ಅಂತ ಹೊಟ್ಟೆಕಿಚ್ಚು ಮಾಮನಿಗೆ!"

ಆ ಸಂಜೆ ಏನೂ ಆಗಲಿಲ್ಲ. ನೂರಾಹನ್ನೆರಡು ಚೆನ್ನಾಗಿ ಓಡಿತು, ಎರಡು ಕೊಡೆ ಹರಿಯಿತು, ಒಬ್ಬನ ಪ್ಯಾಂಟು ಕಿತ್ತಿತು. ಹೆಂಗಸರು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಗೂಳಿ ಪೆಟ್ಟಿಗೆ ಸೇರಿದ ಮೇಲೆ ಜನ ಬಾಗಿಲು ಬಾಗಿಲಿಗೆ ಹೋಗಿ ದೆವೊದಾತುವಿನ ಹಾಗೆ ತಟ್ಟುತ್ತ, "ಗೋಡೆ ಹುಡುಕ್ತಾ ಇದೆ ಕಣ್ರಪ್ಪೋ" ಎಂದು ಅಣಕಿಸಿದರು. ಬಸ್ ನಿಲ್ದಾಣದವರೆಗೂ ಅವನ ಹಿಂದೆ ಈ ಮೆರವಣಿಗೆ ಬಂತು.

ನನಗೆ ನಡುಕ ಹುಟ್ಟಿಸಿದ್ದು ಈ ಏನೂ ಆಗದ ಸಂಜೆ. ಏನಾದರೂ ಆಗಿದ್ದರೆ ಅವನ ಮಾತನ್ನು ಒಂದು ವಾರವಾದರೂ ನೆನೆಯುತ್ತಿದ್ದರು. ಈಗ ಅವನು ಎಚ್ಚರಿಸಿದಷ್ಟೂ ನಗೆ, ನಕ್ಕಷ್ಟೂ ಧೈರ್ಯ, ಧೈರ್ಯ ಬಂದಷ್ಟೂ ಕುರ್ಚಿಗಳು ಗೋಡೆಗೆ ಹತ್ತಿರ. ಆ ಓಟವನ್ನು ನಾನು ಕಣ್ಣಾರೆ ನೋಡಿದೆ. ಕೊಡೆ ಹರಿಯುವಾಗ ನೂರಾಹನ್ನೆರಡು ಎರಡು ಸಲ ನಿಂತು, ತಲೆಯನ್ನು ಎಡಕ್ಕೆ ವಾಲಿಸಿ, ಗೋಡೆಗೆ ಒರಗಿ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿತು. ಆಮೇಲೆ ಮುಂದೆ ಹೋಯಿತು.

ಇದನ್ನು ಬರೆಯುತ್ತಿರುವುದು ಮಂಗಳವಾರ. ಗುರುವಾರ ಅದು ನಮ್ಮ ಬೀದಿಗೆ ಬರುತ್ತದೆ. ದೆವೊದಾತು ಈಗತಾನೇ ಎರ್ಮೀನಿಯಾಳ ಬಾಗಿಲಿಗೆ ಬಂದು ನಿಂತ, ಆ ಸಾವಿನ ರಾತ್ರಿಯ ಮೇಲೆ ಇದೇ ಮೊದಲು. ಅವಳು ಒಳಗಿಂದ ಕಪ್ಪು ಶಾಲು ಹೊದ್ದುಕೊಂಡು ಬಂದು, ಅವನನ್ನು ಒಳಗೆ ಕರೆಯದೆ, ಬಾಗಿಲೆಳೆದುಕೊಂಡು ತಾನೇ ಹೊರಗಿಳಿದಳು. ಇಬ್ಬರೂ ಬೀದಿಯ ಮೇಲಿನ ತುದಿಯಿಂದ ಶುರು ಮಾಡಿದ್ದಾರೆ. ಅವನು ಎಡಗಡೆಯ ಬಾಗಿಲುಗಳನ್ನು ತಟ್ಟುತ್ತಿದ್ದಾನೆ, ಅವಳು ಬಲಗಡೆಯವನ್ನು. ಮೊದಲ ನಾಲ್ಕು ಮನೆಯವರು ಬಾಗಿಲು ತೆಗೆದಿಲ್ಲ. ನನ್ನದು ಏಳನೆಯದು.